ಸಾಸಿವೆ ಡಬ್ಬಿಯ ಪಕ್ಕದ ಇಥಿಯೋಪಿಯಾ

ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ಇಥಿಯೋಪಿಯಾ ಇದೆ. ಅದರ ಬೆನ್ನಿಗೆ ಮೊರಾಕೊ. ಚೀನಾ ಕಾಫಿಪುಡಿಯ ಡಬ್ಬಿಗೆ ಒರಗಿಕೊಂಡಿದೆ. ಜಾಗ ಸಾಲದ್ದರಿಂದ ಜಪಾನನ್ನು ಫ್ರಿಜ್ಜಿನ ತಲೆಯ ಮೇಲಿಟ್ಟಿದ್ದೇನೆ; ನಮ್ಮ ಹಳೆಯ ಫ್ರಿಜ್ಜು ಗಡಗಡ ಎಂದಾಗೆಲ್ಲ ಅಲ್ಲೊಂದು ಸಣ್ಣ ಭೂಕಂಪವಾಗುತ್ತದೆ. ಫ್ರಾನ್ಸ್ ಮಾತ್ರ ಬಚ್ಚಲುಮನೆಯ ಕಿಟಕಿಯಲ್ಲಿದೆ. ಅದು ಅಲ್ಲಿಗೆ ಗಡೀಪಾರಾದದ್ದಕ್ಕೆ ಕಾರಣವಿದೆ.

ಇಷ್ಟು ಕೇಳಿ ನನ್ನನ್ನು ದೇಶ ಸುತ್ತಿದ ಹೆಂಗಸು ಎಂದುಕೊಳ್ಳಬೇಡಿ. ನಾನು ಹುಟ್ಟಿದ್ದು ಬೂದಿಕೋಟೆಯಲ್ಲಿ, ಸೊಸೆಯಾಗಿ ಬಂದದ್ದು ಊರಿಗಾಮಿನ ಲೈನ್ ಮನೆಗೆ, ಚಿನ್ನದ ಗಣಿಯವರಿಗೆಂದು ಕಟ್ಟಿಸಿದ ಸಾಲುಮನೆಗೆ. ನಡುವೆ ಬಂಗಾರಪೇಟೆ. ಬೂದಿಕೋಟೆಯಿಂದ ಬಸ್ಸಿನಲ್ಲಿ ಬಂಗಾರಪೇಟೆ, ಬಂಗಾರಪೇಟೆಯಿಂದ ರೈಲಿನಲ್ಲಿ ಊರಿಗಾಂ, ಇದಿಷ್ಟು ನನ್ನ ಲೋಕಸಂಚಾರ. ಕಿಟಕಿ ಪಕ್ಕ ಸೀಟು ಸಿಕ್ಕರೆ ಅದೇ ವಿದೇಶ ಪ್ರವಾಸ.

ದೇಶಗಳನ್ನೆಲ್ಲ ಮನೆಗೆ ಹೊತ್ತು ತಂದವಳು ನನ್ನ ನಾದಿನಿ ವನಜ. ಅವಳ ಮನೆ ನಮ್ಮ ಹಿಂದಿನ ಲೈನಿನಲ್ಲೇ. ವೈಟ್‌ಫೀಲ್ಡಿನ ದೊಡ್ಡದೊಂದು ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ ಅವಳದು. ಕೋಳಿ ಕೂಗುವ ಮೊದಲೇ ಎದ್ದು ರೈಲು ಹಿಡಿಯುತ್ತಾಳೆ. ಆ ಅಂಗಡಿಯಲ್ಲಿ ತಾರೀಕು ಮುಗಿಯಲು ಬಂದ ಮಸಾಲೆಯ ಶೀಷೆಗಳನ್ನು ಕೆಲಸದವರಿಗೆ ಅಗ್ಗಕ್ಕೆ ಕೊಟ್ಟುಬಿಡುತ್ತಾರಂತೆ. ಒಂದು ಸಂಜೆ ಅವಳು ಚೀಲ ಬಿಚ್ಚಿ ಶೀಷೆಗಳನ್ನು ಸಾಲಾಗಿ ಇಟ್ಟಾಗ ನನ್ನ ಮಾವ ಒಂದನ್ನೆತ್ತಿ ಬೆಳಕಿಗೆ ಹಿಡಿದರು.

"ಇದ್ಯಾಕಮ್ಮ ಅಗ್ಗ?"

"ವಯಸ್ಸಾಗೈತಪ್ಪ ಅದ್ಕೆ. ಇನ್ನು ಎರಡು ಮೂರು ತಿಂಗ್ಳು ಅಷ್ಟೇ."

"ಪುಡೀನೂ ರಿಟೈರ್ ಮಾಡ್ತಾರಾ ಆ ಬೆಂಗಳೂರಲ್ಲಿ?" ಎಂದು ಮಾವ ಆ ಶೀಷೆಯನ್ನು ಬಹಳ ಮರ್ಯಾದೆಯಿಂದ ಕೆಳಗಿಟ್ಟರು. ನಿವೃತ್ತರಿಗೆ ನಿವೃತ್ತರೇ ಆಗಬೇಕು.

ಮಸಾಲೆ ಎಂದರೆ ನನಗೆ ಮಾತ್ರ ಇವತ್ತಿಗೂ ಮೊದಲು ನೆನಪಾಗುವುದು ಬೂದಿಕೋಟೆಯ ಖಾರದ ಪುಡಿ ಮಿಷನ್ನು. ನಮ್ಮಜ್ಜಿ ಬೇಸಿಗೆಯಲ್ಲಿ ಮೆಣಸಿನಕಾಯಿ, ಧನಿಯ, ಮೆಂತ್ಯ ಎಲ್ಲ ಹುರಿದು ಡಬ್ಬಿಗೆ ತುಂಬಿ ನನ್ನ ತಲೆಯ ಮೇಲೆ ಹೊರಿಸಿಕೊಂಡು ಹೊರಡುತ್ತಿದ್ದಳು. ಅಲ್ಲಿ ಸಾಲು ಇರುತ್ತಿತ್ತು. ಆದರೆ ನಮ್ಮಜ್ಜಿ ಸುಮ್ಮನೆ ಹೋಗಿ ಸಾಲಿನ ಕೊನೆಯಲ್ಲಿ ನಿಲ್ಲುವವಳಲ್ಲ. ಮಿಷನ್ನಿನ ಹೊಟ್ಟೆಯಲ್ಲಿ ಹಿಂದಿನವರ ಪುಡಿ ಒಂದು ಹಿಡಿ ಉಳಿದಿರುತ್ತದಲ್ಲ, ಅದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಆದ್ದರಿಂದ ಯಾರ ಹಿಂದೆ ನಿಲ್ಲಬೇಕು ಎಂಬುದು ದೊಡ್ಡ ವಿಚಾರ.

"ಅವ್ರ ಇಂದೆ ಬ್ಯಾಡ. ಮೆಂತ್ಯ ಸೀದಾಕವ್ರೆ. ಅವ್ರ ಇಂದೆ ನಿಂತ್ರೆ ವರ್ಸೆಲ್ಲಾ ಕಹಿ ಕುಡೀಬೇಕಾಯ್ತದೆ."

"ಅಜ್ಜಿ, ತಲೆ ನೋಯ್ತೈತೆ."

"ನೋಯ್ಲಿ. ನಾಲ್ಗೆ ನೋಯದು ಬ್ಯಾಡ."

ಬಂದವರನ್ನೆಲ್ಲ "ಮುಂದೆ ಓಗ್ರಮ್ಮ, ನಮ್ಗೇನು ಅರ್ಜೆಂಟಿಲ್ಲ" ಎಂದು ಧಾರಾಳವಾಗಿ ಮುಂದೆ ಬಿಡುತ್ತಿದ್ದಳು. ಊರಿನವರೆಲ್ಲ ಅಜ್ಜಿಯನ್ನು ಬಹಳ ಒಳ್ಳೆಯವಳೆಂದು ತಿಳಿದಿದ್ದರು. ತನಗೆ ಮೆಚ್ಚುಗೆಯಾದ ಮನೆಯವರು ಬಂದು ಪುಡಿ ಮಾಡಿಸಿಕೊಂಡ ಗಳಿಗೆಯಲ್ಲಿ ಮಾತ್ರ ಅವಳು ಚಿರತೆಯ ಹಾಗೆ ನುಗ್ಗುತ್ತಿದ್ದಳು. ಊರಿನ ಒಳ್ಳೊಳ್ಳೆಯ ಮನೆಗಳ ಒಂದೊಂದು ಹಿಡಿ ಹೀಗೆ ನಮ್ಮ ಸಾರಿನ ಪುಡಿಯಲ್ಲಿ ಸೇರಿಹೋಗಿತ್ತು. ಯಾರ್‍ಯಾರ ಪುಡಿಯನ್ನೋ ಬೆರೆಸಿ ಉಣ್ಣುವ ಬುದ್ಧಿ ನನಗೆ ಅಲ್ಲಿಂದಲೇ ಬಂದಿರಬೇಕು.

ಅಂಥವಳು ಸೊಸೆಯಾಗಿ ಬಂದು ಬಿದ್ದದ್ದು ನನ್ನ ಅತ್ತೆಯ ಕೈಗೆ. ಅತ್ತೆ ಆಂಧ್ರದ ಗಡಿಯ ಹಳ್ಳಿಯವರು. ಬೈಗುಳ ತೆಲುಗಿನಲ್ಲಿ, ದೇವರ ಹತ್ತಿರ ಮಾತು ಕನ್ನಡದಲ್ಲಿ, ಲೈನಿನ ಹೆಂಗಸರ ಜೊತೆ ಹರಟೆ ತಮಿಳಿನಲ್ಲಿ. ಅವರ ಅಡುಗೆಮನೆಗೆ ಒಂದೇ ಕಾನೂನು: ಒಲೆಯ ಮೇಲಿರುವುದನ್ನು ನಾಲಗೆಗೆ ಮುಟ್ಟಿಸಬಾರದು. ಮೊದಲು ದೇವರಿಗೆ, ಆಮೇಲೆ ಮನೆಯ ಹಿರಿಯರಿಗೆ, ಆಮೇಲೆ ಉಳಿದವರಿಗೆ. ಅದಕ್ಕೂ ಮುಂಚೆ ಯಾರಾದರೂ ನೆಕ್ಕಿದರೆ ಪಾತ್ರೆಯೆಲ್ಲ ಎಂಜಲು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಬೂದಿಕೋಟೆಯ ಅಭ್ಯಾಸದಂತೆ, ಅಂಗೈಗೆ ಒಂದು ತೊಟ್ಟು ಸಾರು ಬಿಟ್ಟುಕೊಂಡು ನೆಕ್ಕಿಬಿಟ್ಟೆ. ಹಿಂದಿನಿಂದ ಧ್ವನಿ ಬಂತು.

"ಏನಮ್ಮಾ, ಮೊದ್ಲ ಎಡೆ ನಿಂಗಾ?"

ಅವತ್ತು ಎರಡು ಸಲ ಅಡುಗೆ ಮಾಡಿದೆ.

ಹಾಗಾದರೆ ಉಪ್ಪು ಖಾರ ತಿಳಿಯುವುದು ಹೇಗೆ? ಮೂಗಿನಿಂದ. ಅತ್ತೆ ಮುಚ್ಚಳ ಸರಿಸಿ, ಹಬೆಯನ್ನು ಅಂಗೈಯಲ್ಲಿ ಮುಖದ ಕಡೆ ಎಳೆದುಕೊಂಡು, ಕಣ್ಣು ಮುಚ್ಚಿ, "ಇನ್ನೊಂದು ಚಿಟಿಕೆ ಬೇಕು" ಎನ್ನುತ್ತಿದ್ದರು. ಹಾಕಿದರೆ ಸರಿಹೋಗುತ್ತಿತ್ತು. ಉಪ್ಪಿಗೆ ವಾಸನೆಯಿಲ್ಲ ಎಂದು ಸ್ಕೂಲಿನಲ್ಲಿ ಓದಿದ ನಾನು ಅತ್ತೆಯ ಮೂಗಿನ ಎದುರು ಸ್ಕೂಲನ್ನೇ ಬಿಟ್ಟುಕೊಟ್ಟೆ. ಲೈನಿನಲ್ಲಿ ಯಾರ ಮನೆಯಲ್ಲಿ ಸೀಮಂತವಾದರೂ, ತಿಥಿಯಾದರೂ ಹುಳಿಯ ಹಂಡೆ ಇಳಿಸುವ ಮೊದಲು ಅತ್ತೆಯ ಮೂಗನ್ನು ಕರೆಸುತ್ತಿದ್ದರು. ಮೂಗಿನ ಹಿಂದೆ ಅತ್ತೆಯೂ ಹೋಗುತ್ತಿದ್ದರು.

ಇನ್ನು ಮಾವ. ಅವರು ನಮ್ಮೂರಿನ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಭೂಮಿಯ ಹೊಟ್ಟೆಗಿಳಿದು ದುಡಿದವರು. ಆಳದಲ್ಲಿ ಕಾವು ಎಷ್ಟಿರುತ್ತಿತ್ತೆಂದರೆ ಅಂಗಿ ಹಿಂಡಿದರೆ ಬೆವರು ಧಾರೆಯಾಗಿ ಸುರಿಯುತ್ತಿತ್ತಂತೆ. ಒಣಗಿದ ಮೇಲೆ ಬೆನ್ನಿನ ಮೇಲೆ ಉಪ್ಪಿನ ನಕಾಶೆ ಮೂಡುತ್ತಿತ್ತಂತೆ. ಹೀಗಾಗಿ ಉಪ್ಪು ಅವರ ಜನ್ಮಸಿದ್ಧ ಹಕ್ಕು. ಅಂಬಲಿಗೆ ಉಪ್ಪು, ಮಜ್ಜಿಗೆಗೆ ಉಪ್ಪು, ಸೀಬೆಹಣ್ಣಿಗೆ ಉಪ್ಪು. ಕಲ್ಲಂಗಡಿಗೂ ಉಪ್ಪು ಉದುರಿಸಿಕೊಂಡು ತಿನ್ನುವ ಮನುಷ್ಯ.

ಅಂಥವರ ಕಾಲು ಒಂದು ದಿನ ಊದಿಕೊಂಡಿತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಬಂಗಾರಪೇಟೆಯ ಡಾಕ್ಟರು ಪಟ್ಟಿ ಸುತ್ತಿ ಪ್ರೆಶರ್ ನೋಡಿದರು, ಎದೆಗೆ ಕಿವಿಕೊಟ್ಟರು, ಹೃದಯ ಸುಸ್ತಾಗಿದೆ ಎಂದರು.

"ಉಪ್ಪು ಪೂರ್ತಿ ನಿಲ್ಲಿಸಿ. ಊತ ಇಳೀಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಕೋಬೇಕಾಗುತ್ತೆ."

ಗಣಿಯ ಪಂಜರದಂಥ ಲಿಫ್ಟಿನಲ್ಲಿ ನಿಂತು ದಿನವೂ ಪಾತಾಳಕ್ಕಿಳಿದು ಹತ್ತಿ ಬಂದ ಮಾವನಿಗೆ ಆಸ್ಪತ್ರೆಯ ಮೊದಲನೇ ಮಹಡಿ ಎಂದರೆ ನಡುಕ. "ಪಾತಾಳಕ್ಕೋದೋರು ವಾಪಸ್ ಬಂದಿರೋದು ನಾನೇ ನೋಡಿದ್ದೀನಿ. ಆ ಮಂಚ ಅತ್ತಿದೋರು ಬಂದಿದ್ದು ನೋಡಿಲ್ಲ" ಎಂದು ದಾರಿಯುದ್ದಕ್ಕೂ ಆಟೋದವನಿಗೆ ಹೇಳುತ್ತ ಬಂದರು.

ಅಂದಿನಿಂದ ಮಾವನಿಗೆ ಬೇರೆ ಪಾತ್ರೆ. ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಮುದ್ದೆ. ಮೊದಲ ದಿನ ಒಂದು ತುತ್ತು ನುಂಗಿ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗಿಟ್ಟರು.

"ಅಮ್ಮಯ್ಯಾ" ಎಂದರು ನನಗೆ, "ಉಪ್ಪಿಲ್ದಿರೋ ಸಾರು ಕರೆಂಟ್ ಓದ ಮನೆ ಇದ್ದಂಗೆ ಕಣಮ್ಮ. ಎಲ್ಲಾ ಇದ್ದಲ್ಲೇ ಐತೆ. ಏನೂ ಕಾಣಿಸ್ತಿಲ್ಲ."

ಎರಡು ತುತ್ತಿಗೆ ಏಳುವುದು ರೂಢಿಯಾಯಿತು. ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ಉಪ್ಪು ಹಾಕಿದರೆ ಆಸ್ಪತ್ರೆ, ಹಾಕದಿದ್ದರೆ ಊಟವೇ ಇಲ್ಲ. ನಮ್ಮ ಯಜಮಾನರು "ಏನಾದ್ರೂ ಮಾಡಿ ನೀವೇ" ಎಂಬ ಅಮೂಲ್ಯ ಸಲಹೆ ಕೊಟ್ಟು ಕೆಲಸಕ್ಕೆ ಹೋದರು. ಅತ್ತೆ ಮಾವನ ಹಳೇ ಅಂಗಿಗಳ ಗುಂಡಿ ಒಳಕ್ಕೆ ಹಾಕಿ ಹೊಲಿಯತೊಡಗಿದರು.

ಆಗ ನನ್ನ ಕಣ್ಣು ಶೀಷೆಗಳ ಮೇಲೆ ಬಿತ್ತು. ಕರೆಂಟು ಹೋದ ಮನೆಯಲ್ಲಿ ದೀಪವನ್ನಾದರೂ ಹಚ್ಚಬಹುದಲ್ಲ?

ಮೊದಲು ಚೀನಾ. ಐದು ಬಗೆ ಸೇರಿಸಿ ಕುಟ್ಟಿದ ಪುಡಿ. ಸೊಪ್ಪಿನ ಸಾರಿಗೆ ಧಾರಾಳವಾಗಿ ಹಾಕಿದೆ. ರುಚಿ ನೋಡುವಂತಿಲ್ಲ, ಗೊತ್ತಲ್ಲ, ಅತ್ತೆಯ ಮೂಗೇ ಗತಿ. ಅತ್ತೆ ಹಬೆ ಎಳೆದುಕೊಂಡು ಸೀನಿದರು. ಮಾವ ಒಂದು ತುತ್ತು ಬಾಯಿಗಿಟ್ಟು, "ಊಟಕ್ಕೆ ಮುಂಚೇನೇ ಬೀಡಾ ಕೊಟ್ಬುಟ್ಟೆ?" ಎಂದರು. ಸೋಂಪಿನ ಅಂಶ ಜಾಸ್ತಿಯಾಗಿತ್ತು.

ಮಾರನೆಯ ದಿನ ಮೊರಾಕೊ. ಚಕ್ಕೆ, ಏಲಕ್ಕಿ, ಗುಲಾಬಿ ಎಸಳು ಕೂಡ ಇದ್ದ ಪುಡಿ. "ಮದ್ವೆ ಮನೆ ವಾಸ್ನೆ ಬತ್ತೈತೆ" ಎಂದರು ಮಾವ. ನಾನು ಹಿಗ್ಗಿದೆ. "ಊಟ ಎಲ್ಲಮ್ಮ?" ಎಂದರು. ನಾನು ಕುಗ್ಗಿದೆ.

ಜಪಾನನ್ನು ಮೊಸರನ್ನದ ಮೇಲೆ ಉದುರಿಸಿದೆ. ಅದರಲ್ಲಿ ಮೆಣಸಿನಕಾಯಿ, ಕಿತ್ತಳೆ ಸಿಪ್ಪೆ, ಕಪ್ಪು ಎಳ್ಳು. ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ಎಳ್ಳನ್ನು ಎತ್ತಿ ತಟ್ಟೆಯ ಅಂಚಿಗಿಟ್ಟರು. ಇರುವೆ ಎಂದುಕೊಂಡಿದ್ದರು.

ಫ್ರಾನ್ಸಿನ ಕತೆ ಕೇಳಬೇಡಿ. ಒಣಗಿದ ಸೊಪ್ಪುಗಳ ಜೊತೆ ನೇರಳೆ ಬಣ್ಣದ ಹೂವೂ ಇತ್ತು. ಬೇಳೆ ಸಾರಿಗೆ ಹಾಕಿ ಕುದಿಸಿದೆ. ಮಾವ ತಟ್ಟೆ ದೂರ ಸರಿಸಿ, "ಅಮ್ಮಯ್ಯಾ, ನೋಡು, ಸಾರಲ್ಲಿ ಮೈಸೋಪು ಬಿದ್ದೈತೆ" ಎಂದು ಸೌಜನ್ಯದಿಂದ ತಿಳಿಸಿದರು. ಅವರು ಬಿಟ್ಟದ್ದನ್ನು ಉಂಡು ನಾನೂ ವನಜಳೂ ಸ್ನಾನ ಮಾಡಿದಷ್ಟು ಘಮಘಮಿಸಿದೆವು. ಶೀಷೆಯನ್ನು ಅತ್ತೆ ಬಚ್ಚಲಿನ ಕಿಟಕಿಗೆ ಸಾಗಿಸಿದರು.

ಅರಬ್ಬರ ಶೀಷೆಯೊಂದಿತ್ತು, ಒಣಸೊಪ್ಪು, ಎಳ್ಳು, ಹುಳಿಪುಡಿ ಬೆರೆತದ್ದು. ಅದನ್ನು ಅತ್ತೆ ಒಲೆಯ ಹತ್ತಿರಕ್ಕೇ ಬಿಡಲಿಲ್ಲ. "ಕೊಟ್ಟಿಗೆ ಗುಡ್ಸಿ ತುಂಬ್ದಂಗೈತೆ" ಎಂದು ಮೂಲೆಗಿಟ್ಟರು.

ಸಂಜೆ ವನಜ ಬಂದು ಅಂದಂದಿನ ದೇಶವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದಳು. ಮಾವನದು ಒಂದೇ ಪ್ರಶ್ನೆ.

"ಅಲ್ಲಿ ಚಿನ್ನ ಸಿಗ್ತೈತಾ?"

"ಸಿಗ್ತೈತೆ ಅಂತ ತೋರಿಸ್ತೈತಪ್ಪ."

"ಗಣಿ ಇನ್ನೂ ತೆಗ್ದೈತಾ, ಅಲ್ಲೂ ಮುಚ್ಚವ್ರಾ?"

ತೆರೆದಿದೆ ಎಂದರೆ ಆ ದೇಶದ ಸಾರನ್ನು ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದರು. ಇಥಿಯೋಪಿಯಾಕ್ಕೆ ಹೀಗೆ ನಾಲ್ಕು ತುತ್ತಿನ ಗೌರವ ಸಿಕ್ಕಿತು. ಅದು ಖಾರದ ಪುಡಿ, ನಮ್ಮದರ ದೂರದ ನೆಂಟನ ಹಾಗೆ ವಾಸನೆ. ಆದರೂ ನಾಲ್ಕೇ ತುತ್ತು.

ಕೊನೆಗೆ ಉಳಿದದ್ದು ಅಮೆರಿಕ. ಅಲ್ಲಿನ ದಕ್ಷಿಣದ ಯಾವುದೋ ಸೀಮೆಯವರು ಮೀನು ಮಾಂಸಕ್ಕೆ ಸವರುವ ಕೆಂಪು ಪುಡಿಯಂತೆ. ಬೆಳ್ಳುಳ್ಳಿ, ಈರುಳ್ಳಿ, ಮೆಣಸು, ಇನ್ನೂ ಏನೇನೋ. ಹುರಳಿಕಾಳಿನ ಸಾರಿಗೆ ಹಾಕಿ ಕುದಿಸಿದೆ. ಅತ್ತೆ ಹಬೆ ಎಳೆದುಕೊಂಡು ತಲೆದೂಗಿದರು. "ಇದು ಪರ್ವಾಗಿಲ್ಲ. ಬಡಿಸು."

ಮಾವ ಮುದ್ದೆ ಮುರಿದರು, ಅದ್ದಿದರು, ನುಂಗಿದರು. ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿದವರು ಮುದ್ದೆ ಮುಗಿದ ಮೇಲೇ ತಲೆ ಎತ್ತಿದ್ದು.

"ಇನ್ನರ್ಧ ಮುದ್ದೆ ಐತಾ?"

ಅಡುಗೆಮನೆಯಲ್ಲಿ ನಾನೂ ಅತ್ತೆಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಮದುವೆಯಾದಾಗಿನಿಂದ ಅದೇ ಮೊದಲು.

ಅಲ್ಲಿಂದ ನಮ್ಮ ಮನೆಯಲ್ಲಿ ದಿನವೂ ಅಮೆರಿಕ. ಅವರೆಕಾಳಿಗೆ ಅಮೆರಿಕ, ಬದನೆಕಾಯಿಗೆ ಅಮೆರಿಕ. ನಾನು ಬೇರೆ ದೇಶದ ಶೀಷೆ ಮುಟ್ಟಿದರೆ ಮಾವ ಹೊರಗಿಂದಲೇ "ಅಮ್ಮಯ್ಯಾ, ಆ ಕೆಂಪ್ದೇ ಇರ್ಲಿ" ಎನ್ನುತ್ತಿದ್ದರು. ಮುಂಚೆ ಪಾತ್ರೆಯಲ್ಲಿ ಮುಕ್ಕಾಲು ಉಳಿಯುತ್ತಿತ್ತು, ಈಗ ತಳ ಸವರಿ ಉಣ್ಣುತ್ತಿದ್ದರು, ನಮಗೊಂದು ತೊಟ್ಟು ಉಳಿಸುತ್ತಿರಲಿಲ್ಲ. ನಾನು ಲೈನಿನಲ್ಲಿ ಸ್ವಲ್ಪ ಎದೆಯೆತ್ತಿ ನಡೆಯತೊಡಗಿದೆ. ಪಕ್ಕದ ಮನೆಯವರಿಗೆ "ಉಪ್ಪೊಂದೇನಾ ರುಚಿ? ಪ್ರಪಂಚ ಎಷ್ಟು ದೊಡ್ಡದು" ಎಂದು ಉಪನ್ಯಾಸವನ್ನೂ ಮಾಡಿದೆ. ಈಗ ನೆನೆದರೆ ಆ ಉಪನ್ಯಾಸದ ನಾಲಗೆಯನ್ನು ಎಲ್ಲಿಟ್ಟುಕೊಳ್ಳಲಿ?

ಕಾಲಿನ ಊತ ಇಳಿಯಲಿಲ್ಲ. ಮೊಣಕಾಲಿನ ಕಡೆ ಏರಿತು. ಅತ್ತೆ ದಿನವೂ ಎಣ್ಣೆ ಬೆಚ್ಚಗೆ ಮಾಡಿ ನೀವುತ್ತಿದ್ದರು, ಚಪ್ಪಲಿ ಹಿಡಿಸದಷ್ಟು ಪಾದ ಉಬ್ಬಿತ್ತು. ಮತ್ತೆ ಡಾಕ್ಟರ ಹತ್ತಿರ ಹೋದಾಗ ಅವರು ಪ್ರೆಶರ್ ನೋಡಿ ಹುಬ್ಬು ಗಂಟಿಕ್ಕಿದರು.

"ಉಪ್ಪು ತಿಂತಿದೀರಿ."

"ಇಲ್ಲ ಸಾಮಿ" ಎಂದರು ಅತ್ತೆ. "ದೇವ್ರಾಣೆ. ನನ್ನ ಮೂಗಿಂದ ಒಂದು ಹರಳು ತಪ್ಪಿಸ್ಕಂಡು ಓಗಲ್ಲ."

ಡಾಕ್ಟರಿಗೆ ಮೂಗಿನ ವಿಷಯ ಅರ್ಥವಾಗಲಿಲ್ಲ. "ನೋಡಿ ಅಮ್ಮ, ಮುಂದಿನ ಸಲ ಬರುವಾಗ ಹೀಗೇ ಇದ್ರೆ ಬಟ್ಟೆ ಚೀಲ ತಗೊಂಡೇ ಬನ್ನಿ" ಎಂದರು.

ಮನೆಗೆ ಬಂದು ಅತ್ತೆ ಮಾಡಿದ ಮೊದಲ ಕೆಲಸ, ಒಂದು ಚೀಲಕ್ಕೆ ಹೊದಿಕೆ, ಲೋಟ, ಎರಡು ಪಂಚೆ, ತಮ್ಮದೊಂದು ಸೀರೆ ತುಂಬಿ ಬಾಗಿಲ ಮೂಲೆಯಲ್ಲಿಟ್ಟದ್ದು. ಆ ಚೀಲವನ್ನು ನೋಡಿದಾಗೆಲ್ಲ ಮಾವ ಬೇರೆ ಕಡೆ ತಿರುಗುತ್ತಿದ್ದರು.

ಉಪ್ಪು ಎಲ್ಲಿಂದ ಬರುತ್ತಿದೆ ಎಂದು ತನಿಖೆ ಶುರುವಾಯಿತು. ವನಜಳಿಗೆ ಅಪ್ಪನ ಮೇಲೇ ಅನುಮಾನ, ಬಂಗಾರಪೇಟೆಯ ಪಾನಿಪುರಿ ಗಾಡಿಯ ಅನುಮಾನ. ನಮ್ಮ ಕಡೆಯ ಪಾನಿಪುರಿ ನೀವು ತಿಂದಿದ್ದೀರೋ ಇಲ್ಲವೋ. ಅದರ ನೀರಿಗೆ ಹಸಿರೂ ಇಲ್ಲ, ಕಂದೂ ಇಲ್ಲ, ಕೊಳಾಯಿ ನೀರಿನಷ್ಟು ತಿಳಿ. ಏನೂ ಇಲ್ಲವಲ್ಲ ಎಂದು ಧೈರ್ಯವಾಗಿ ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಬಂದ ನೆಂಟರನ್ನು ಆ ಗಾಡಿಯ ಮುಂದೆ ನಿಲ್ಲಿಸಿ ಅವರ ಕಣ್ಣಲ್ಲಿ ನೀರು ಬರುವುದನ್ನು ನೋಡುವುದು ನಮ್ಮ ಆತಿಥ್ಯದ ಒಂದು ಭಾಗ.

"ಅಪ್ಪಾ, ನಿಜ ಏಳು. ಸ್ಟೇಶನ್ನತ್ರ ಓಗಿ ಪುರಿ ತಿಂದ್ಯಾ?"

"ಪುರಿ ಮುಟ್ಟಿದ್ರೆ ನನ್ ಕೈ ಸೇದೋಗ್ಲಿ."

"ಯಾರಾದ್ರೂ ತಂದ್ಕೊಟ್ರಾ?"

"ಹೊರಗಿಂದು ಒಂದು ಹನಿ ನನ್ನ ಬಾಯಿಗೆ ಬಿದ್ದಿಲ್ಲ. ಈ ಮನೇಲಿ ಬಡಿಸಿದ್ದು ಬಿಟ್ಟು ಇನ್ನೊಂದು ತಿಂದಿಲ್ಲ ಕಣಮ್ಮ."

ಪ್ರತಿ ಮಾತೂ ಸತ್ಯ. ವಕೀಲರಾಗಬೇಕಿದ್ದ ಮನುಷ್ಯ ಗಣಿಗೆ ಹೋದರು.

ಮಾರನೆಯ ದಿನ ಬೆಳಿಗ್ಗೆ ಒಲೆಯ ಮೇಲೆ ಮಾವನ ಪಾತ್ರೆಯಲ್ಲಿ ಹುರಳಿಕಾಳು ಕುದಿಯುತ್ತಿತ್ತು. ಅಮೆರಿಕ ಹಾಕಿ ಆಗಿತ್ತು. ಅತ್ತೆ ಮುಚ್ಚಳ ಸರಿಸಿ ಹಬೆ ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡು ಮೂರನೆಯ ಸಲ ಬಗ್ಗಿದರು. ಆಮೇಲೆ ಬಾಗಿಲ ಮೂಲೆಯಲ್ಲಿದ್ದ ಚೀಲವನ್ನು ನೋಡಿದರು. ದೇವರ ಪಟದ ಕಡೆ ಒಮ್ಮೆ ತಿರುಗಿ, ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿದರು.

ನನ್ನ ಕೈಯಲ್ಲಿದ್ದ ತಟ್ಟೆ ಬಿತ್ತು. ಅದರ ಸದ್ದು ಪೂರ್ತಿ ನಿಂತ ಮೇಲೆ ಅತ್ತೆ ಹೇಳಿದರು:

"ಉಪ್ಪು."

ಅಮೆರಿಕದ ಶೀಷೆಯನ್ನು ಅಂಗೈಗೆ ಬಗ್ಗಿಸಿ ನಾನೂ ನೆಕ್ಕಿದೆ. ಪುಡಿಯಲ್ಲಿ ಅರ್ಧಕ್ಕರ್ಧ ಉಪ್ಪು. ಅವರ ಊರಿನಲ್ಲಿ ಮಸಾಲೆಗೆ ಉಪ್ಪನ್ನು ಮೊದಲೇ ಬೆರೆಸಿಬಿಡುತ್ತಾರೆಂದು ಖಾರದ ಪುಡಿ ಮಿಷನ್ನಿನ ಮುಂದೆ ಬೆಳೆದ ನನಗೆ ಹೊಳೆಯಬೇಕಾದರೂ ಹೇಗೆ? ನಮ್ಮ ಕಡೆ ಪುಡಿ ಎಂದರೆ ಪುಡಿ, ಉಪ್ಪು ಎಂದರೆ ಉಪ್ಪು. ಬೆಳ್ಳುಳ್ಳಿಯ ಘಾಟಿನ ಅಡಿಯಲ್ಲಿ ಉಪ್ಪು ಅತ್ತೆಯ ಮೂಗಿಗೂ ಮಣ್ಣೆರಚಿತ್ತು. ನಾವಿಬ್ಬರೂ ನಾಲಗೆಗೆ ಬೀಗ ಹಾಕಿಕೊಂಡು ನಿಷ್ಠೆಯಿಂದ ದಿನಾ ಮಾವನಿಗೆ ಉಪ್ಪು ಬಡಿಸಿದ್ದೆವು.

ಅತ್ತೆ ಸೌಟು ಹಿಡಿದೇ ಹೊರಗೆ ಹೋದರು. ಮಾವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಗೊತ್ತಿತ್ತಾ ನಿಮ್ಗೆ?"

ಮಾವ ಸೌಟನ್ನು ನೋಡಿದರು. ತಪ್ಪಿಸಿಕೊಳ್ಳುವ ದಾರಿ ಹುಡುಕಿದರು. ಇರಲಿಲ್ಲ.

"ಮೊದ್ಲ ತುತ್ತಲ್ಲೇ ಗೊತ್ತಾಯ್ತು."

"ಮತ್ತೆ ಏಳಾಕೇನಾಗಿತ್ತು?"

"ನೀನು ಮೂಗಲ್ಲಿ ನೋಡಿ ಇಲ್ಲ ಅಂದೆ. ಊರೆಲ್ಲ ನಂಬಿರೋ ಮೂಗು ಅದು. ಸುಳ್ಳು ಅಂತ ನಾನೆಂಗೆ ಏಳ್ಲಿ?" ಎಂದು ಮಾವ ನಗಲು ನೋಡಿದರು.

ಅತ್ತೆ ನಗಲಿಲ್ಲ. ತೆಲುಗಿನಲ್ಲಿ ಬೈಯಲೂ ಇಲ್ಲ. ಅದಕ್ಕೇ ನನಗೆ ಭಯವಾದದ್ದು. ಮೆಟ್ಟಿಲ ಮೇಲೆ ಕೂತರು.

"ನಿಮ್ ಕಾಲಿಗೆ ದಿನಾ ಎಣ್ಣೆ ಅಚ್ತಿದ್ದೆ. ಊತ ಯಾಕಿಳೀತಿಲ್ಲ ಅಂತ ದೇವ್ರನ್ನ ಕೇಳ್ತಿದ್ದೆ. ನೀವು ನೋಡ್ಕಂಡು ಕೂತಿದ್ರಿ. ಆ ಆಸ್ಪತ್ರೆ ಮಂಚದ ಪಕ್ಕ ಕೂತ್ಕಳೋಳು ನಾನು. ವಾಪಸ್ ಬಂದ್ರೆ ಇಬ್ರೂ ಬತ್ತೀವಿ, ಇಲ್ದಿದ್ರೆ ನಾನೊಬ್ಳೇ ಆ ಚೀಲ ಎತ್ಕಂಡು ಬರ್ಬೇಕು. ಭಯ ಏನು ನಿಮ್ಗೊಬ್ರಿಗೇನಾ?"

ಮಾವ ಚಾಚಿದ್ದ ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡರು. ಸಂಜೆ ವನಜ ಬಂದಾಗ ತಾವೇ ಒಳಗೆ ಹೋಗಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು, ಅಮೆರಿಕದ ಶೀಷೆಯನ್ನು ಅವಳ ಚೀಲಕ್ಕೆ ಹಾಕಿದರು. "ತಗೊಂಡೋಗಮ್ಮ ಇದನ್ನ. ಎದ್ರಿಗಿದ್ರೆ ನಾನು ಮನುಷ್ಯ ಅಲ್ಲ" ಎಂದರು.

ಮರುದಿನ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು, ಪ್ರಪಂಚವನ್ನೆಲ್ಲ ಮುಂದೆ ಹರಡಿಕೊಂಡು, ಒಂದೊಂದೇ ದೇಶವನ್ನು ಅಂಗೈಗೆ ಸುರಿದು ನೆಕ್ಕಿದರು. ಐವತ್ತು ವರ್ಷ ಕಾಯ್ದಿರಿಸಿದ ತೀರ್ಪು ಹೊರಬಿದ್ದ ಹಾಗಿತ್ತು. ಅರಬ್ಬರದನ್ನು ನೆಕ್ಕಿ, "ಕಸ ಅಂದ್ಕಂಡಿದ್ದೆ, ಕಳ್ಳ ಇದು. ಉಪ್ಪೈತೆ" ಎಂದು ನಮ್ಮ ಪಾಲಿಗೆ ತಳ್ಳಿದರು. ಜಪಾನಿಗೆ "ಪಾಪ, ಒಳ್ಳೇದು" ಎಂಬ ಪ್ರಮಾಣಪತ್ರ ಸಿಕ್ಕಿತು. ಇಥಿಯೋಪಿಯಾವನ್ನು ಎರಡು ಸಲ ನೆಕ್ಕಿದರು. ಆಮೇಲೆ ಎದ್ದು ಹುಚ್ಚೆಳ್ಳು ಹುರಿದರು, ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟರು, ಎರಡನ್ನೂ ಆ ಪುಡಿಯ ಜೊತೆ ಕುಟ್ಟಿದರು. ಮನೆಯೆಲ್ಲ ಒಂದು ವಾಸನೆ ಹಬ್ಬಿತು ನೋಡಿ, ಕಳೆದುಹೋದ ಅಣ್ಣತಮ್ಮಂದಿರು ಸಂತೆಯಲ್ಲಿ ಸಿಕ್ಕಂತೆ. ಆ ದೇಶದಲ್ಲೂ ಹುಚ್ಚೆಳ್ಳು ಬೆಳೆಯುತ್ತಾರೆಂದು ವನಜ ಆಮೇಲೆ ಮೊಬೈಲಿನಲ್ಲಿ ನೋಡಿ ಹೇಳಿದಳು. ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. "ಬಾಯಿಗಿಟ್ಕಂಡ್ರೆ ಗೊತ್ತಾಗಲ್ವಾ?" ಎಂದರು, ಹುಟ್ಟಿದಾಗಿನಿಂದ ರುಚಿ ನೋಡಿಕೊಂಡೇ ಅಡುಗೆ ಮಾಡಿದವರ ಹಾಗೆ.

ಅವತ್ತು ಅತ್ತೆ ಮಾವನ ಎದುರಿಗೇ ಕೂತು, ಅವರ ಪಾತ್ರೆಯಿಂದ ಒಂದು ತುತ್ತು ತಾವು ಮೊದಲು ಉಂಡರು.

"ಚಪ್ಪೆ. ಆದ್ರೆ ಮೋಸ ಇಲ್ಲ. ಉಣ್ಣಿ."

ಮಾವ ಉಂಡರು. ಖುಷಿಯಿಂದೇನಲ್ಲ. ಗಣಿಯಲ್ಲಿ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ನಿಂತಲ್ಲೇ ನಿಲ್ಲುತ್ತಿದ್ದರಂತೆ, ಆಮೇಲೆ ಒಂದೊಂದೇ ಹೆಜ್ಜೆ. ಹಾಗೆ ಒಂದೊಂದೇ ತುತ್ತು. ನಿಂಬೆಹುಳಿ ಒಂದು ದಿನ, ಸುಟ್ಟ ಈರುಳ್ಳಿ ಒಂದು ದಿನ. ಮೊರಾಕೊ ಕುಂಬಳಕಾಯಿಗೆ ಹೊಂದುತ್ತದೆಂದು ಅತ್ತೆಯೇ ಕಂಡುಹಿಡಿದರು. ದಿನವೂ ಮೊದಲ ತುತ್ತು ಅತ್ತೆಯದು, ಬರಬರುತ್ತ ಎರಡನೆಯದೂ ಮೂರನೆಯದೂ, ಉಳಿದದ್ದು ಮಾವನದು. ನೋಡನೋಡುತ್ತ ಮಾವನ ಎರಡು ತುತ್ತು ನಾಲ್ಕಾಗಿ, ನಾಲ್ಕು ಅರ್ಧ ಮುದ್ದೆಯಾಗಿ, ಪಂಚೆ ಮತ್ತೆ ಸೊಂಟದಲ್ಲಿ ನಿಂತಿತು. ಪಾದದ ಮೂಳೆಗಳು ಒಂದೊಂದಾಗಿ ಹೊರಗೆ ಬಂದವು. ಡಾಕ್ಟರ ಹತ್ತಿರ ಚೀಲ ತೆಗೆದುಕೊಂಡೇ ಹೋದೆವು. ಅವರು ಕಾಲು ಒತ್ತಿ ನೋಡಿದರು, ಪ್ರೆಶರ್ ಎರಡು ಸಲ ನೋಡಿದರು, ಚೀಲ ನೋಡಿ ನಕ್ಕರು.

"ಇದನ್ನ ಮನೆಗೆ ತಗೊಂಡು ಹೋಗಿ. ಯುಗಾದಿ ಬಂತಲ್ಲ? ಹಬ್ಬದ ದಿನ ಒಂದು ಸೌಟು ಎಲ್ಲರ ಸಾರು ಉಣ್ಣಲಿ ಬಿಡಿ. ಒಂದೇ ಸೌಟು."

ಆಟೋದಲ್ಲಿ ಮಾವ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಾಜನ ಹಾಗೆ ಬಂದರು. ಯುಗಾದಿಗೆ ದಿನ ಎಣಿಸಿದವರು ಅವರೊಬ್ಬರೇ.

ಹಬ್ಬದ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು, ಅತ್ತೆ, ಮಾವ, ನಮ್ಮ ಯಜಮಾನರು, ವನಜ, ನಾನು. ಹೋಳಿಗೆಯ ಜೊತೆ ಒಬ್ಬಟ್ಟಿನ ಸಾರು. ಬೇಳೆ ಬಸಿದ ನೀರು, ಹೂರಣ, ಹುಣಸೆಹುಳಿ, ಮನೆಯ ಪುಡಿ, ಸರಿಯಾಗಿ ಉಪ್ಪು. ವಿದೇಶದ ಸೋಂಕಿಲ್ಲ. ನಾನೇ ಒಂದು ಸೌಟು, ತುಳುಕುವಷ್ಟು ತುಂಬಿ, ಮಾವನ ಅನ್ನದ ಮೇಲೆ ಬಿಟ್ಟೆ. ಎಲ್ಲರೂ ಕೈ ನಿಲ್ಲಿಸಿ ನೋಡಿದೆವು.

ಮಾವ ಕಲಸಿದರು. ಕಣ್ಣು ಮುಚ್ಚಿ ಬಾಯಿಗಿಟ್ಟರು. ಅಗಿದರು. ಕಣ್ಣು ತೆರೆದರು. ಇನ್ನೊಂದು ತುತ್ತು ಸಣ್ಣದಾಗಿ ತೆಗೆದುಕೊಂಡರು.

"ಎಂಗೈತಪ್ಪಾ?" ಎಂದಳು ವನಜ.

"ಊಂ. ಚೆನ್ನಾಗೈತೆ."

"ಮುಖ ಯಾಕೆ ಅಂಗೆ ಮಾಡಿದ್ದೀಯಾ ಮತ್ತೆ?"

ಮಾವ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ನಮಗೆ ಬೇಸರವಾಗುತ್ತದೆಂದು ಎಷ್ಟೋ ತಡೆದುಕೊಂಡರು. ಆಗಲಿಲ್ಲ.

"ಇದ್ರಲ್ಲಿ ಉಪ್ಪು ಬಿಟ್ರೆ ಇನ್ನೇನೂ ಗೊತ್ತಾಗ್ತಿಲ್ವಲ್ಲಮ್ಮ" ಎಂದರು, ಏನನ್ನೋ ಕಳೆದುಕೊಂಡವರ ಹಾಗೆ.

ಅತ್ತೆ ಎದ್ದು ಒಳಗೆ ಹೋಗಿ ಒಂದು ಚಿಕ್ಕ ಪಾತ್ರೆ ತಂದರು. ಅದರಲ್ಲೂ ಒಬ್ಬಟ್ಟಿನ ಸಾರೇ.

"ಇದಕ್ಕೆ ಉಪ್ಪಿಲ್ಲ" ಎಂದರು.

"ಅಮ್ಮಾ, ಅಪ್ಪಂಗೆ ಇಡಿಸಲ್ಲ ಅಂತ ಮೊದ್ಲೇ ಗೊತ್ತಿತ್ತಾ ನಿಂಗೆ?"

"ಅವ್ರಿಗ್ಯಾಕೆ ಮಾಡ್ಲಿ? ಡಾಕ್ಟ್ರು ಎಲ್ಲರ ಸಾರು ಉಣ್ಣಿ ಅಂದವ್ರೆ." ಅತ್ತೆ ತಮ್ಮ ತಟ್ಟೆಯ ಕಡೆ ನೋಡಿಕೊಂಡು ಸಣ್ಣದಾಗಿ ಹೇಳಿದರು. "ನಂಗೆ ಅಂತ ಎತ್ತಿಟ್ಕಂಡಿದ್ದೆ."

ಮಾವ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅತ್ತೆಯನ್ನು ನೋಡಿದರು. ಅತ್ತೆ ಮಾವನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೇರೆ ತಟ್ಟೆಗೆ ಅನ್ನ ಹಾಕಿ, ಅರ್ಧ ಸಾರು ಅವರಿಗೆ ಬಿಟ್ಟು, ಉಳಿದರ್ಧವನ್ನು ತಮಗೆ ಸುರಿದುಕೊಂಡರು. ಇಬ್ಬರೂ ನಮ್ಮ ಕಡೆ ನೋಡದೆ ಉಣ್ಣತೊಡಗಿದರು. ಮಿಕ್ಕ ನಾವು ಮೂವರು, ಯಾಕೋ ನಮಗೂ ಉಪ್ಪುಪ್ಪೆನಿಸಿದ ಹಬ್ಬದ ಸಾರನ್ನು ನೀರು ಕುಡಿದುಕೊಂಡು ಮುಗಿಸಿದೆವು.